ಪೆಟ್ಟಿಗೆ ಇಟ್ಟರೆ ಮಂಡಿ ಉಳಿಯುತ್ತದೆಯೇ?

ಚೆನ್ನೈನ ಸೌಕಾರ್‌ಪೇಟೆಯಲ್ಲಿ ಜಿಮ್ ಎಂದರೆ ಸಾಮಾನ್ಯವಾಗಿ ಮಹಡಿಯ ಮೇಲೆ. ಕೆಳಗೆ ಸೀರೆಯದೋ ಪ್ಲಾಸ್ಟಿಕ್ ಸಾಮಾನಿನದೋ ಹೋಲ್‌ಸೇಲ್ ಅಂಗಡಿ, ಪಕ್ಕದಲ್ಲಿ ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಒರಗಿ ನಿಲ್ಲಬೇಕಾದಷ್ಟು ಕಿರಿದಾದ ಮೆಟ್ಟಿಲು. ಸಂಜೆ ಹತ್ತಿ ಬರುವವರಲ್ಲಿ ಅನೇಕರು ಬೆಳಗಿನಿಂದ ಗಾದಿಯ ಮೇಲೆ ಅಥವಾ ಗಲ್ಲಾದ ಹಿಂದೆ ಕೂತೇ ವ್ಯಾಪಾರ ಮಾಡಿದವರು. ಸ್ಕ್ವಾಟ್ ಮಾಡಬೇಕು ಎಂದೊಡನೆ ಇವರಿಗೆ ಪುಕ್ಕಟೆಯಾಗಿ ಸಿಗುವ ಸಲಹೆ ಒಂದೇ: "ಹಿಂದೆ ಬೆಂಚ್ ಇಟ್ಕೊಂಡು ಮಾಡಿ ಭಾಯ್, ಮಂಡಿ ಉಳಿಯುತ್ತೆ."

ಹೆಗಲ ಮೇಲೆ ಬಾರ್ ಇಟ್ಟು, ಹಿಂದೆ ಯಾವ ಆಸರೆಯೂ ಇಲ್ಲದೆ ಇಳಿದು ಏಳುವುದು ಫ್ರೀ ಸ್ಕ್ವಾಟ್. ಬರಿಮೈಯಲ್ಲಿ ಹೊಡೆಯುವ ಬಸ್ಕಿಯನ್ನೂ ಕೆಲವರು ಹಾಗೇ ಕರೆಯುತ್ತಾರೆ, ಅದರ ಮಾತು ಇಲ್ಲಿಲ್ಲ. ಹಿಂದೆ ಪೆಟ್ಟಿಗೆಯನ್ನೋ ಬೆಂಚನ್ನೋ ಇಟ್ಟು, ಅದರ ಮೇಲೆ ಕ್ಷಣಕಾಲ ಕೂತು ಎದ್ದರೆ ಬಾಕ್ಸ್ ಸ್ಕ್ವಾಟ್. ಎರಡೂ ಅಣ್ಣತಮ್ಮಂದಿರಂತೆ ಕಂಡರೂ ದೇಹದಿಂದ ಕೇಳುವ ಕೆಲಸ ಬೇರೆ. ಅದನ್ನು ಮರೆತಲ್ಲೇ ತಪ್ಪು ಕಲ್ಪನೆಗಳೆಲ್ಲ ಹುಟ್ಟುವುದು.

ನಂಬಿಕೆ: ಫ್ರೀ ಸ್ಕ್ವಾಟ್ ಮಂಡಿ ತಿನ್ನುತ್ತದೆ, ಪೆಟ್ಟಿಗೆ ಉಳಿಸುತ್ತದೆ

ಅರ್ಧ ನಿಜ. ಪೆಟ್ಟಿಗೆಗಾಗಿ ಸೊಂಟವನ್ನು ಹಿಂದಕ್ಕೆ ಚಾಚಿ ಇಳಿಯಬೇಕು. ಆಗ ಮೊಣಕಾಲಿನ ಕೆಳಗಿನ ಭಾಗ ಹೆಚ್ಚುಕಡಿಮೆ ನೆಟ್ಟಗೇ ನಿಲ್ಲುತ್ತದೆ, ಮಂಡಿ ಮುಂದಕ್ಕೆ ಬರುವುದು ಕಡಿಮೆ, ಅದರ ಮೇಲಿನ ಹೊರೆಯೂ ಕಡಿಮೆ. ಆದರೆ ಬಾರಿನ ತೂಕ ಎಲ್ಲೂ ಕರಗಿ ಹೋಗಿರುವುದಿಲ್ಲ, ಹೆಚ್ಚಾಗಿ ಸೊಂಟಕ್ಕೆ ಸರಿದಿರುತ್ತದೆ.

ಎಷ್ಟು ಸರಿಯಬಹುದು ಎಂಬುದಕ್ಕೆ ಒಂದು ಹಳೆಯ ಪ್ರಯೋಗವಿದೆ. 2003ರಲ್ಲಿ ಫ್ರೈ ಮತ್ತು ಸಂಗಡಿಗರು ತರಬೇತಿ ಪಡೆದ ಏಳು ಮಂದಿಯ ಕಾಲಿನ ಮುಂದೆ ಹಲಗೆ ನಿಲ್ಲಿಸಿ, ಮಂಡಿ ಬೆರಳುಗಳನ್ನು ದಾಟದಂತೆ ತಡೆದು ಸ್ಕ್ವಾಟ್ ಮಾಡಿಸಿದರು. ಹಲಗೆ ಇಲ್ಲದಾಗ ಮಂಡಿಯ ಮೇಲಿನ ತಿರುಗುಬಲ ಸುಮಾರು 150 ನ್ಯೂಟನ್ ಮೀಟರ್ ಇದ್ದದ್ದು ಹಲಗೆ ಇಟ್ಟಾಗ 117ಕ್ಕೆ ಇಳಿಯಿತು. ಸೊಂಟದ ಕೀಲಿನಲ್ಲಿ ಮಾತ್ರ 28 ಇದ್ದದ್ದು 302 ದಾಟಿತು. ಅಲ್ಲಿ ಪೆಟ್ಟಿಗೆ ಇರಲಿಲ್ಲ, ಹಾಗಾಗಿ ಈ ಅಂಕಿಗಳನ್ನೇ ಎತ್ತಿ ಬಾಕ್ಸ್ ಸ್ಕ್ವಾಟಿಗೆ ಅಂಟಿಸಬಾರದು. ಭಾರ ಯಾವ ದಿಕ್ಕಿಗೆ ಹೋಗುತ್ತದೆ ಎಂಬುದಂತೂ ಸ್ಪಷ್ಟ. ದಿನವಿಡೀ ಕೂತು ಸೊಂಟ ಹಿಡಿದುಕೊಂಡಿರುವ ವ್ಯಾಪಾರಿಗೆ "ಮಂಡಿ ಉಳಿಯುತ್ತೆ" ಎನ್ನುವವರು ಇನ್ನರ್ಧವನ್ನೂ ಹೇಳಬೇಕು.

ಆಳಕ್ಕೆ ಇಳಿದರೆ ಮಂಡಿ ಸಡಿಲವಾಗುತ್ತದೆ ಎಂಬ ಹೆದರಿಕೆಯ ಹಿಂದೆ ಟೆಕ್ಸಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಇದ್ದಾರೆ. 1961ರಲ್ಲಿ ಅವರು ತಮ್ಮದೇ ಉಪಕರಣದಿಂದ ಭಾರ ಎತ್ತುವವರ ಮಂಡಿ ಪರೀಕ್ಷಿಸಿ, ಪೂರ್ತಿ ಸ್ಕ್ವಾಟ್ ಕೀಲಿನ ಅಸ್ಥಿರಜ್ಜುಗಳನ್ನು ಹಿಗ್ಗಿಸುತ್ತದೆ ಎಂದರು. ಆಮೇಲಿನವರಿಗೆ ಆ ಫಲಿತಾಂಶ ಸಿಗಲಿಲ್ಲ. 1989ರಲ್ಲಿ ಚಾಂಡ್ಲರ್ ತಂಡ ಎಂಟು ವಾರ ಸ್ಕ್ವಾಟ್ ಮಾಡಿಸಿ ನೋಡಿದಾಗಲೂ ಮಂಡಿಯ ಬಿಗಿ ಕೆಟ್ಟಿರಲಿಲ್ಲ. ಸಂಶೋಧನೆ ಹಳತಾಗಿ ಹೋಯಿತು, ಹೆದರಿಕೆ ಇನ್ನೂ ಹೊಸದಾಗೇ ಇದೆ. ತಮಾಷೆಯೆಂದರೆ, ಪಿಳ್ಳೈಯಾರ್ ಅಂದರೆ ಗಣಪನ ಮುಂದೆ ಕಿವಿ ಹಿಡಿದು ತೋಪ್ಪುಕ್ಕರಣಂ ಎಂಬ ಬಸ್ಕಿ ಹಾಕುವಾಗ ಇದೇ ಊರಿನಲ್ಲಿ ಯಾರೂ ಮಂಡಿಯ ಚಿಂತೆ ಮಾಡುವುದಿಲ್ಲ. ಬರಿಮೈಯ ಬಸ್ಕಿಗೂ ನೂರು ಕಿಲೋ ಹೊತ್ತು ಇಳಿಯುವುದಕ್ಕೂ ಅಂತರವಿದೆ, ಒಪ್ಪೋಣ. ಆ ಅಂತರ ಭಾರದ್ದು, ಆಳದ್ದಲ್ಲ.

ಈಗಾಗಲೇ ಮಂಡಿ ನೋಯುತ್ತಿರುವವರ ವಿಷಯ ಬೇರೆ. ಎತ್ತರದ ಆಸನದಿಂದ ಎದ್ದು ಕೂರುವುದನ್ನು ಫಿಸಿಯೋಥೆರಪಿಸ್ಟ್‌ಗಳೇ ಮಾಡಿಸುತ್ತಾರೆ. ನೋವಿಲ್ಲದ ಎತ್ತರವನ್ನು ಗೊತ್ತುಮಾಡಿಕೊಂಡು, ದಿನ ಕಳೆದಂತೆ ಅದನ್ನು ತಗ್ಗಿಸುತ್ತ ಹೋಗಲು ಪೆಟ್ಟಿಗೆಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ನಂಬಿಕೆ: ಪೆಟ್ಟಿಗೆ ಇದೆಯಲ್ಲ, ಧಡಕ್ಕನೆ ಕೂತರಾಯಿತು

ನಿಜವಾದ ಅಪಾಯ ಇರುವುದು ಇಲ್ಲಿ, ಎಚ್ಚರಿಸುವವರು ಕಡಿಮೆ ಇರುವುದೂ ಇಲ್ಲೇ. ಹೊಸ ಹುಡುಗನೊಬ್ಬ ಬೆಂಚಿನ ಮೇಲೆ ಇಳಿಯುವುದನ್ನು ಗಮನಿಸಿ. ಮುಕ್ಕಾಲು ದಾರಿಯವರೆಗೆ ಹಿಡಿತವಿರುತ್ತದೆ. ಕೊನೆಯ ನಾಲ್ಕು ಬೆರಳಷ್ಟು ಜಾಗದಲ್ಲಿ ಕೈಬಿಟ್ಟುಬಿಡುತ್ತಾನೆ. ಬೆಂಚಿನ ರೆಕ್ಸಿನ್ ಉಸಿರು ಬಿಡುತ್ತದೆ, ಬಾರಿನ ತುದಿಯಲ್ಲಿ ಪ್ಲೇಟುಗಳು ಗಲಗಲ ಎನ್ನುತ್ತವೆ, ಬಿಗಿದಿದ್ದ ಹೊಟ್ಟೆ ಸಡಿಲವಾಗಿ ಬೆನ್ನು ಗೂನಾಗುತ್ತದೆ. ಆ ಕ್ಷಣದಲ್ಲಿ ಮೇಲಿನಿಂದ ಬಾರ್, ಕೆಳಗಿನಿಂದ ಅಲುಗದ ಬೆಂಚು, ನಡುವೆ ಬೆನ್ನೆಲುಬು. ಏಳಬೇಕಾದಾಗ ಕಾಲಿಗೆ ಬಲ ಸಿಗದೆ ಎದೆಯನ್ನು ಮುಂದಕ್ಕೆ ತೂಗಿ ಜೋಲಿ ಹೊಡೆದು ಏಳುತ್ತಾನೆ. ಇದಕ್ಕಿಂತ ಪೆಟ್ಟಿಗೆ ಇಲ್ಲದೆ ಅರ್ಧ ತೂಕದಲ್ಲಿ ಮಾಡಿದ ಸ್ಕ್ವಾಟ್ ಸಾವಿರ ಪಾಲು ಮೇಲು.

ಸರಿಯಾದ ಕ್ರಮ ಇಷ್ಟೆ. ಪಾದಗಳನ್ನು ತುಸು ಅಗಲಿಸಿ, ಉಸಿರು ತುಂಬಿ ಹೊಟ್ಟೆ ಬಿಗಿಹಿಡಿದು, ಪೆಟ್ಟಿಗೆ ಇಲ್ಲವೇನೋ ಎಂಬಷ್ಟು ನಿಧಾನವಾಗಿ ಇಳಿಯಬೇಕು. ಸೋಕಿದ ಮೇಲೆ ಒಂದು ಕ್ಷಣ ನಿಲುಗಡೆ. ಅಷ್ಟರಲ್ಲೂ ಬೆನ್ನು, ಹೊಟ್ಟೆ ಸಡಿಲಬಾರದು. ಆಮೇಲೆ ಹಿಮ್ಮಡಿಯಿಂದ ನೆಲ ಒತ್ತಿ ಏಳಬೇಕು.

ಆ ನಿಲುಗಡೆಯೇ ಈ ವ್ಯಾಯಾಮದ ತಿರುಳು. ಫ್ರೀ ಸ್ಕ್ವಾಟಿನಲ್ಲಿ ಇಳಿಯುವಾಗ ಹಿಗ್ಗಿದ ಸ್ನಾಯುಗಳು ಏಳುವಾಗ ಒಂದಿಷ್ಟು ಪುಟಿತವನ್ನು ಉಚಿತವಾಗಿ ಕೊಡುತ್ತವೆ. ಪೆಟ್ಟಿಗೆಯ ಮೇಲೆ ಕ್ಷಣ ಕೂತಾಗ ಆ ಪುಟಿತದ ಬಹುಪಾಲು ಸೋರಿಹೋಗುತ್ತದೆ, ಕೂತಲ್ಲಿಂದ ಹೊಸದಾಗಿ ಬಲ ಹುಟ್ಟಿಸಬೇಕು. 2012ರಲ್ಲಿ ಸ್ವಿಂಟನ್ ತಂಡ ಪವರ್‌ಲಿಫ್ಟರ್‌ಗಳ ಮೇಲೆ ನಡೆಸಿದ ಹೋಲಿಕೆಯಲ್ಲಿ, ಬಲ ಏರುವ ವೇಗ ಬಾಕ್ಸ್ ಸ್ಕ್ವಾಟಿನಲ್ಲೇ ಹೆಚ್ಚು ಕಂಡಿತು. ಬಾಕ್ಸ್ ಸ್ಕ್ವಾಟ್ ಸೋಮಾರಿಗಳದ್ದು ಎಂದು ಮೂಗು ಮುರಿಯುವವರಿಗೂ ಇದೇ ಉತ್ತರ.

ನಂಬಿಕೆ: ಬೆಂಚಿನ ಮೇಲೆ 120 ಕಿಲೋ ಎಂದರೆ ಸ್ಕ್ವಾಟೂ 120

ಅಲ್ಲ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ನಿಯಮದ ಪ್ರಕಾರ ತೊಡೆ ಸೊಂಟಕ್ಕೆ ಸೇರುವ ಜಾಗ ಮಂಡಿಯ ಮೇಲ್ತುದಿಗಿಂತ ಕೆಳಗೆ ಹೋಗಬೇಕು. ಅದೇ ನಿಯಮದಲ್ಲಿ ಬೆಂಚ್ ಪ್ರೆಸ್ ಬೆಂಚಿನ ಎತ್ತರ 42ರಿಂದ 45 ಸೆಂ.ಮೀ. ಸಾಧಾರಣ ಎತ್ತರದವರು ಅದರ ಮೇಲೆ ಕೂತರೆ ಆ ಆಳ ಮುಟ್ಟುವುದಿಲ್ಲ. ಅವರಿಗೆ ಬೇಕಾಗುವುದು ಸುಮಾರು ಒಂದಡಿಯ ಪೆಟ್ಟಿಗೆ.

ನಂಬಿಕೆ: ಬಲಿಷ್ಠರೆಲ್ಲ ಪೆಟ್ಟಿಗೆಯಿಂದಲೇ ಬಲಿತವರು

ಈ ಮಾತಿನ ಮೂಲ ಅಮೆರಿಕದ ವೆಸ್ಟ್‌ಸೈಡ್ ಬಾರ್ಬೆಲ್. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿದ್ದ ಆ ಹೆಸರಿನ ಗುಂಪು ಬಾಕ್ಸ್ ಸ್ಕ್ವಾಟ್ ಮಾಡುತ್ತಿತ್ತು. ಅದೇ ಹೆಸರನ್ನು ಓಹಾಯೋದ ಕೊಲಂಬಸ್‌ಗೆ ಒಯ್ದು ಜಗತ್ತಿಗೆ ಹರಡಿದವರು 2022ರಲ್ಲಿ ತೀರಿಕೊಂಡ ಲೂಯಿ ಸಿಮನ್ಸ್. ಅವರ ಶಿಷ್ಯರಲ್ಲಿ ಬಹಳಷ್ಟು ಮಂದಿ ಸೊಂಟವನ್ನು ಬಿಗಿಯಾಗಿ ಹಿಡಿದಿಡುವ ದಪ್ಪ ಸೂಟು ತೊಟ್ಟು ಸ್ಪರ್ಧಿಸುತ್ತಿದ್ದರು. ಹಿಂದಕ್ಕೆ ಚಾಚಿ ಕೂರುವ ಶೈಲಿ ಆ ಸೂಟಿಗೆ ಹೇಳಿ ಮಾಡಿಸಿದ್ದು. ಟೀ ಶರ್ಟಿನಲ್ಲಿ ಸ್ಕ್ವಾಟ್ ಮಾಡುವ ನಮಗೆ ಅಷ್ಟೇ ಲಾಭವಾಗುತ್ತದೆಂದು ನಂಬುವುದು ಕಷ್ಟ.

ಇತ್ತ ನಮ್ಮ ಕುಂದಾಪುರ ಸೀಮೆಯ ಗುರುರಾಜ ಪೂಜಾರಿ ಅವರನ್ನು ನೋಡಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದವರು, 2022ರಲ್ಲಿ ಕಂಚು. ಅವರದು ವೇಟ್‌ಲಿಫ್ಟಿಂಗ್. ಸ್ನ್ಯಾಚ್‌ನಲ್ಲಿ ಬಾರ್ ತಲೆಯ ಮೇಲಿರುವಾಗ ಲಿಫ್ಟರ್ ಪೂರ್ತಿ ಕುಕ್ಕರುಗಾಲಿನಲ್ಲಿ ಇರುತ್ತಾನೆ, ಅಲ್ಲಿಂದಲೇ ಏಳಬೇಕು. ಆ ಆಟಕ್ಕೆ ಬುಡದ ತನಕ ಇಳಿಯುವ ಫ್ರೀ ಸ್ಕ್ವಾಟೇ ಅನ್ನ.

ಸೌಕಾರ್‌ಪೇಟೆಯ ಸಂಜೆಯ ಮಂದಿಗೆ ಪದಕದ ಚಿಂತೆಯಿಲ್ಲ. ಅವರಿಗೆ ನನ್ನ ಲೆಕ್ಕ ಹೀಗೆ: ಮೊದಲ ಕೆಲವು ವಾರ ಬಾರಿಲ್ಲದೆ ಬೆಂಚಿನ ಮೇಲೆ ಮೆಲ್ಲಗೆ ಇಳಿದು ಏಳಲಿ. ಆಮೇಲೆ ಬೆಂಚು ಬಿಟ್ಟು, ರಬ್ಬರ್ ಮ್ಯಾಟುಗಳನ್ನು ಒಂದರ ಮೇಲೊಂದು ಪೇರಿಸಿ, ವಾರಕ್ಕೊಂದರಂತೆ ತೆಗೆಯುತ್ತ ಬರಲಿ. ಒಂದಡಿಗೆ ಇಳಿದಾಗಲೂ ಬೆನ್ನು ಗೂನಾಗದಿದ್ದರೆ ಮ್ಯಾಟುಗಳನ್ನು ಬದಿಗೆ ಸರಿಸಿ ಖಾಲಿ ಬಾರ್ ಹೊರಬಹುದು. ಅದಕ್ಕೂ ಮೊದಲು ರ‍್ಯಾಕಿನ ಸೇಫ್ಟಿ ಪಿನ್‌ಗಳು ಸರಿಯಾದ ಎತ್ತರದಲ್ಲಿವೆಯೇ ನೋಡಿಕೊಳ್ಳಲಿ. ಏಳಲಾಗದಾಗ ಬಾರನ್ನು ಹಿಡಿಯುವುದು ಆ ಪಿನ್‌ಗಳು, ಬೆಂಚಲ್ಲ.