ಹಕ್ಕಿಗಳು ಬಂದಿವೆ ಎಂದರೆ ವರ್ತೂರು ಕೆರೆಯ ನೀರು ಶುದ್ಧವಾಗಿದೆ ಎಂದರ್ಥವೇ?

ಫೆಬ್ರವರಿ ಕೊನೆಯ ಒಂದು ಭಾನುವಾರ ಬೆಳಗ್ಗೆ ನಾವು ಬೈನಾಕ್ಯುಲರ್ ಹಿಡಿದು ವರ್ತೂರು ಕೆರೆ ಏರಿಯ ಮೇಲೆ ನಿಂತಿದ್ದೆವು. ವಾಕಿಂಗ್‌ಗೆ ಬಂದಿದ್ದ ಹಿರಿಯರೊಬ್ಬರು ನಿಂತು, "ನೋಡಿ, ಎಷ್ಟೊಂದು ಬಾತುಕೋಳಿ! ನೀರು ಕೆಟ್ಟಿದ್ದರೆ ಇವು ಬರ್ತಿದ್ವಾ?" ಎಂದರು. ಕೇಳಲು ಸರಿ ಎನಿಸುವ ಮಾತು. ಆದರೆ ಸರಿಯಲ್ಲ.

ವರ್ತೂರು ಬೆಂಗಳೂರಿನ ಎರಡನೇ ದೊಡ್ಡ ಕೆರೆ. ಬೆಳ್ಳಂದೂರು ಕೆರೆಯ ನೀರು ಇಲ್ಲಿಗೆ ಬಂದು, ಇಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. 2015ರಲ್ಲಿ ಕೋಡಿಯ ಬಳಿ ನೊರೆ ಎದ್ದು ರಸ್ತೆಗೆ ಹಾರಿದ್ದು ಅನೇಕರಿಗೆ ನೆನಪಿರಬಹುದು. ಚರಂಡಿ ನೀರಿನಲ್ಲಿದ್ದ ಡಿಟರ್ಜೆಂಟ್‌ ಅಂಶ, ನೀರು ಧುಮುಕುವಾಗ ಗಾಳಿ ಸೇರಿ ಹಾಗೆ ಉಕ್ಕುತ್ತಿತ್ತು. ಹಸಿರು ನ್ಯಾಯಮಂಡಳಿಯ ಆದೇಶಗಳ ನಂತರ ಬಿಡಿಎ ಹೂಳೆತ್ತುವ ಕೆಲಸ ಕೈಗೊಂಡಿತು. ಆದರೆ ನೊರೆಯ ದಿನಗಳಲ್ಲೂ ಇಲ್ಲಿ ಹಕ್ಕಿಗಳಿದ್ದವು.

ಯಾಕೆ? ಹಕ್ಕಿ ಹುಡುಕುವುದು ಶುದ್ಧ ನೀರನ್ನಲ್ಲ, ಊಟವನ್ನು. ಚರಂಡಿ ನೀರಿನಲ್ಲಿ ಸಾರಜನಕ, ರಂಜಕ ಹೇರಳ. ಅದರಿಂದ ಪಾಚಿ ಬೆಳೆಯುತ್ತದೆ, ಪಾಚಿ ತಿನ್ನುವ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಶೊವೆಲರ್ ಎಂಬ ಸಲಿಕೆ ಕೊಕ್ಕಿನ ಬಾತುವಿಗೆ ಇದೇ ಬೇಕು. ಅದರ ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯಂಥ ಎಳೆಗಳಿವೆ. ನೀರನ್ನು ಜರಡಿ ಹಿಡಿದಂತೆ ಸೋಸಿ ತಿನ್ನುತ್ತದೆ. ಇನ್ನು ಕೆಸರಿನಲ್ಲಿರುವ ಕೆಂಪು ಹುಳು, ಅಂದರೆ ಒಂದು ಬಗೆಯ ನುಸಿಯ ಮರಿ. ಅದರ ರಕ್ತದಲ್ಲಿ ನಮ್ಮಂತೆಯೇ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ತೀರಾ ಕಡಿಮೆ ಇರುವಲ್ಲೂ ಬದುಕುತ್ತದೆ. ಮೆಟ್ಟುಗಾಲು ಹಕ್ಕಿಗಳು ಅಂಥ ಕೆಸರಿನಲ್ಲೇ ಹೆಕ್ಕುತ್ತಿರುತ್ತವೆ. ಆಮ್ಲಜನಕ ಸಾಲದೆ ಮೀನುಗಳು ಮೇಲೆ ಬಂದು ಬಾಯಿ ಬಿಡುವ ದಿನವಂತೂ ಬೆಳ್ಳಕ್ಕಿಗಳಿಗೆ ಹಬ್ಬ. ದೂರದಿಂದ ಫೋಟೊ ತೆಗೆದವರಿಗೆ ಅದೂ 'ಕೆರೆಗೆ ಜೀವ ಬಂದ' ದೃಶ್ಯವೇ!

ಹಕ್ಕಿಗಳಿಗೂ ಅಪಾಯ ತಪ್ಪಿದ್ದಲ್ಲ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಬಾರ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಬಾಟುಲಿಸಂನಿಂದ ಸತ್ತವು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಅದು. ಸಾಯುವವರೆಗೂ ಅವು ಅಲ್ಲಿ ಮೇಯುತ್ತಲೇ ಇದ್ದವು.

ಈ ನಂಬಿಕೆಯ ಬಗ್ಗೆ ನಾವು ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಕೆರೆಯ ಕೆಳಭಾಗದ ಹೊಲಗಳು. ಅಲ್ಲಿ ಈ ನೀರಿನಲ್ಲಿ ಸೊಪ್ಪು, ಹಸುವಿನ ಮೇವು ಬೆಳೆದಿದ್ದಾರೆ. ಚರಂಡಿ ಮತ್ತು ಕಾರ್ಖಾನೆ ನೀರಿನ ಜೊತೆ ಬರುವ ಭಾರಲೋಹಗಳು ಗಿಡದೊಳಗೆ ಸೇರಿದರೆ ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಬಾತುಕೋಳಿ ನೋಡಿ ಅದನ್ನು ಹೇಳಲಾಗದು, ಲ್ಯಾಬ್‌ನಲ್ಲೇ ಪರೀಕ್ಷಿಸಬೇಕು. ನೀರಿನಲ್ಲಿ ಕರಗಿದ ಆಮ್ಲಜನಕ, ಬಿಒಡಿ, ಲೋಹಗಳ ಪ್ರಮಾಣ ಇವು ಮುಖ್ಯ.

ಹಾಗಂತ ಹಕ್ಕಿ ಎಣಿಸುವುದು ವ್ಯರ್ಥವಲ್ಲ. ಹೂಳೆತ್ತುವಾಗ ಅಂಚನ್ನೂ ಬಟ್ಟಲಿನಂತೆ ಕಡಿದಾಗಿ ತೋಡಿದರೆ ಮೊದಲು ಕಾಣೆಯಾಗುವವು ಮೊಣಕಾಲುದ್ದ ನೀರಿನಲ್ಲಿ ನಡೆಯುವ ಹಕ್ಕಿಗಳೇ. ಬಾತುಗಳು ಉಳಿದು ಇವು ಮಾತ್ರ ಹೋದರೆ, ಆಳವಿಲ್ಲದ ಅಂಚು ಉಳಿದಿಲ್ಲವೆಂದು ಮೊದಲು ಅನುಮಾನಿಸಬಹುದು.

ಇನ್ನೊಂದು ಮಾತು. ಹುಲ್ಲಿನಿಂದ ಉದ್ದ ಕೊಕ್ಕಿನ ಕಂದು ಹಕ್ಕಿಯೊಂದು ಅಂಕುಡೊಂಕಾಗಿ ಹಾರಿದಾಗ ನಮ್ಮ ಜೊತೆಗಿದ್ದವರು "ವುಡ್‌ಕಾಕ್!" ಎಂದು ಕೂಗಿದರು. ಅದು ಸ್ನೈಪ್. ವುಡ್‌ಕಾಕ್ ಹಿಮಾಲಯದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನೀಲಗಿರಿಯಂಥ ಎತ್ತರದ ಒದ್ದೆ ಕಾಡುಗಳಿಗೆ ಬರುವ, ಮುಸ್ಸಂಜೆಯಲ್ಲಿ ಎರೆಹುಳು ಹುಡುಕುವ ಹಕ್ಕಿ. ವಲಸೆ ಬಾತುಗಳನ್ನು ನೋಡಬೇಕಿದ್ದರೆ ಮಾರ್ಚ್‌ ಒಳಗೆ, ಬಿಸಿಲೇರುವ ಮುನ್ನ ಹೋಗಿ.