ಹಳೆಯ ಗಾಡಿಗೆ ಯಾವ ಎಂಜಿನ್ ಆಯಿಲ್?



ಹಾಲಿನ ಕ್ಯಾನು ಸಾಗಿಸುವ ಹಳೆಯ ಜೀಪು, ಕಾರು, ಟೆಂಪೊ ದಾರಿಯಲ್ಲಿ ಕೆಟ್ಟು ನಿಂತರೆ ನಷ್ಟ ಗಾಡಿಯ ಮಾಲೀಕರಿಗೆ ಮಾತ್ರವಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಭಾಗದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಲ್ಲಿ ನಿಂತ ಹಾಲು ತಂಪು ಮಾಡುವ ಮೊದಲೇ ಒಡೆಯುತ್ತದೆ. ಆದ್ದರಿಂದ ಆಯಿಲ್ ಆಯ್ಕೆಯ ವಿಷಯವನ್ನು ಎಲ್ಲ ಸದಸ್ಯರೂ ತಿಳಿದಿರುವುದು ಒಳ್ಳೆಯದು.

ಡಬ್ಬಿಯ ಮೇಲಿನ ಅಂಕಿಗಳ ಅರ್ಥ: ತುಪ್ಪ ಚಳಿಗೆ ಗಟ್ಟಿಯಾಗಿ ಬಿಸಿಲಿಗೆ ನೀರಾಗುವಂತೆ ಆಯಿಲ್ ಕೂಡ ಶಾಖಕ್ಕೆ ತೆಳುವಾಗುತ್ತದೆ. 20ಡಬ್ಲ್ಯೂ-40 ಎಂದು ಬರೆದಿದ್ದರೆ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಗುಣವನ್ನು, ಎರಡನೆಯದು 100 ಡಿಗ್ರಿ ಶಾಖದಲ್ಲಿ ಉಳಿಯುವ ಮಂದತನವನ್ನು ಹೇಳುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲ. ಆದ್ದರಿಂದ ಎರಡನೆಯ ಅಂಕಿಯೇ ಮುಖ್ಯ.

ಆಯ್ಕೆ ಹೇಗೆ?

1. ಗಾಡಿಯ ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಹಾಕಿರಿ. ಹಳೆಯ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 20ಡಬ್ಲ್ಯೂ-40, ಹಳೆಯ ಡೀಸೆಲ್ ಗಾಡಿಗಳಿಗೆ 15ಡಬ್ಲ್ಯೂ-40 ಬಳಕೆಯಲ್ಲಿದೆ.

2. ‘ಎಸ್’ ಅಕ್ಷರದಿಂದ ಆರಂಭವಾಗುವ ಗುರುತು ಪೆಟ್ರೋಲ್ ಎಂಜಿನ್ನಿಗೆ, ‘ಸಿ’ ಗುರುತು ಡೀಸೆಲ್ ಎಂಜಿನ್ನಿಗೆ. ಸಿಎಫ್-4 ಕೇಳುವ ಹಳೆಯ ಡೀಸೆಲ್ ಎಂಜಿನ್ನಿಗೆ ಸಿಹೆಚ್-4 ಅಥವಾ ಸಿಐ-4 ಕೂಡ ನಡೆಯುತ್ತದೆ.

3. 0ಡಬ್ಲ್ಯೂ-20, 5ಡಬ್ಲ್ಯೂ-30 ಹೊಸ ಎಂಜಿನ್ನುಗಳಿಗಾಗಿ ಬಂದ ತೆಳುವಾದ ಆಯಿಲ್‌ಗಳು. ದುಬಾರಿ ಎಂಬ ಕಾರಣಕ್ಕೆ ಅವು ಸವೆದ ಎಂಜಿನ್ನಿಗೆ ಒಳ್ಳೆಯವಲ್ಲ. ಬಿಸಿಯಾದಾಗ ಆಯಿಲ್ ಒತ್ತಡ ಇಳಿಯುತ್ತದೆ.

4. ಎಂಜಿನ್ ಆಯಿಲ್ ತಿನ್ನುತ್ತಿದ್ದರೆ, ಕೈಪಿಡಿ ಒಪ್ಪಿದಲ್ಲಿ 20ಡಬ್ಲ್ಯೂ-50 ಹಾಕಬಹುದು. ಆದರೆ ಮಂದ ಆಯಿಲ್ ಸವೆತವನ್ನು ಸರಿಪಡಿಸದು. ನೀಲಿ ಹೊಗೆ ಬಂದರೆ ಮೆಕ್ಯಾನಿಕ್‌ಗೆ ತೋರಿಸಿರಿ.

ವಾರಕ್ಕೊಮ್ಮೆ ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷದ ನಂತರ ಕಡ್ಡಿ ಎತ್ತಿ ನೋಡಿರಿ. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ಅಂಥ ಗಾಡಿ ಓಡಿಸಬಾರದು. ಇಳಕಲ್ಲ ಸುತ್ತಿನ ಗ್ರಾನೈಟ್ ಕ್ವಾರಿಗಳ ದೂಳಿನಲ್ಲಿ ಓಡುವ ಗಾಡಿಗಳ ಏರ್ ಫಿಲ್ಟರನ್ನು ಪದೇಪದೇ ಸ್ವಚ್ಛಗೊಳಿಸಬೇಕು. ದೂಳು ಒಳಹೊಕ್ಕರೆ ಎಷ್ಟೇ ಒಳ್ಳೆಯ ಆಯಿಲ್ ಇದ್ದರೂ ಎಂಜಿನ್ ಸವೆಯುತ್ತದೆ.

ದನಗಳಿಗೆ ಹಚ್ಚಬೇಡಿರಿ: ತೆಗೆದ ಹಳೆಯ ಆಯಿಲನ್ನು ಉಣ್ಣಿಗೆಂದು, ಗಾಯಕ್ಕೆಂದು ದನ-ಎಮ್ಮೆಗಳಿಗೆ ಹಚ್ಚುವ ರೂಢಿ ಅಪಾಯಕಾರಿ. ಅದರಲ್ಲಿ ಮಸಿ, ಲೋಹದ ಕಣಗಳಿರುತ್ತವೆ, ಸೀಸವೂ ಇರಬಹುದು. ದನ ಅದನ್ನು ನೆಕ್ಕುತ್ತದೆ. ಸೀಸದ ವಿಷವೇರಿದರೆ ಕಣ್ಣು ಕಾಣದೆ ಗೋಡೆಗೆ ಹಾಯುವುದು, ಹಲ್ಲು ಕಡಿಯುವುದು, ಸೆಳೆತ ಕಾಣಿಸುತ್ತವೆ. ಎಳೆಗರುಗಳಿಗೆ ಅಪಾಯ ಹೆಚ್ಚು. ಸೀಸ ಹಾಲಿಗೂ ಇಳಿಯುತ್ತದೆ. ಇಂಥ ಲಕ್ಷಣ ಕಂಡ ಕೂಡಲೇ ಪಶುವೈದ್ಯರನ್ನು ಕರೆಸಿರಿ, ಆ ಹಾಲನ್ನು ಸಂಘಕ್ಕೆ ಹಾಕಬೇಡಿರಿ.

ಹಳೆಯ ಆಯಿಲನ್ನು ಹಾಲಿನ ಕ್ಯಾನಿನಲ್ಲಿ ಎಂದೂ ತುಂಬಿಡಬಾರದು. ಮುಚ್ಚಳವಿರುವ ಬೇರೆ ಡಬ್ಬಿಯಲ್ಲಿ ಹಾಕಿ, ಕೊಟ್ಟಿಗೆಯಿಂದ ದೂರವಿಟ್ಟು, ಹಳೆಯ ಆಯಿಲ್ ಪಡೆಯುವ ಗ್ಯಾರೇಜಿಗೆ ಕೊಡಿರಿ.