ಕಾವು ಹೆಚ್ಚಾದರೆ ಗಂಡು ಹೆಣ್ಣಾದೀತು!

ಬೇಲಿಗೂಟದ ಮೇಲೆ ಕುಳಿತು, ಕತ್ತು ಕೆಂಪಗೆ ಮಾಡಿಕೊಂಡು, ದಂಡ ಹೊಡೆಯುವ ಪೈಲ್ವಾನನಂತೆ ಮೈಯನ್ನು ಮೇಲೆ ಕೆಳಗೆ ಆಡಿಸುವ ಓತಿಕ್ಯಾತವನ್ನು ನೋಡದವರು ನಮ್ಮಲ್ಲಿ ವಿರಳ. ಅದಕ್ಕೆ ಕಲ್ಲು ಬೀರುವ ಹುಡುಗರೂ ಕಡಿಮೆಯಿಲ್ಲ. ಈ ಓತಿಕ್ಯಾತ ‘ಅಗಾಮಿಡೆ’ ಎಂಬ ಕುಟುಂಬಕ್ಕೆ ಸೇರಿದ್ದು. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಪರಿಚಿತವಾದ ಹಾರುವ ಓತಿಯೂ ಇದೇ ಕುಟುಂಬದ್ದು. ಇವುಗಳ ಇನ್ನೊಂದು ದಾಯಾದಿ ಆಸ್ಟ್ರೇಲಿಯಾದಲ್ಲಿದೆ. ಅದರ ಹೆಸರು ಬಿಯರ್ಡೆಡ್ ಡ್ರ್ಯಾಗನ್. ಕನ್ನಡದಲ್ಲಿ ‘ಗಡ್ಡದ ಓತಿ’ ಎನ್ನಬಹುದು. ನಮ್ಮಲ್ಲಿ ಕಲ್ಲೇಟು ತಿನ್ನುವ ಕುಲದ ಈ ಪ್ರಾಣಿಯನ್ನು ಅಮೆರಿಕ, ಯೂರೋಪ್ ಮತ್ತು ಆಸ್ಟ್ರೇಲಿಯಾದ ಮನೆಗಳಲ್ಲಿ ಮುದ್ದಿನಿಂದ ಸಾಕುತ್ತಾರೆ. ಅಷ್ಟೇ ಅಲ್ಲ, ಅದರ ಮೊಟ್ಟೆಗಳಿಗೆ ಮನೆಯಲ್ಲೇ ಕಾವು ಕೊಟ್ಟು ಮರಿ ಮಾಡಿಸುತ್ತಾರೆ. ಆ ಕಾವಿನ ಪೆಟ್ಟಿಗೆಯೊಳಗೆ ನಡೆಯುವ ವಿದ್ಯಮಾನ ಜೀವಶಾಸ್ತ್ರದ ಒಂದು ದೊಡ್ಡ ಪಾಠವೇ ಆಗಿದೆ.

ಗಡ್ಡ ಕಪ್ಪಾದಾಗ

ಗಡ್ಡದ ಓತಿಯ ವೈಜ್ಞಾನಿಕ ಹೆಸರು ಪೊಗೋನಾ ವಿಟಿಸೆಪ್ಸ್. ಮಧ್ಯ ಮತ್ತು ಪೂರ್ವ ಆಸ್ಟ್ರೇಲಿಯಾದ ಒಣ ಕುರುಚಲು ಕಾಡು ಇದರ ತವರು. ಬಾಲವೂ ಸೇರಿ ಸುಮಾರು 50ರಿಂದ 60 ಸೆಂಟಿಮೀಟರ್ ಉದ್ದ. ಗಂಟಲ ಕೆಳಗೆ ಮುಳ್ಳುಮುಳ್ಳಾದ ಚರ್ಮದ ಚೀಲವಿದ್ದು, ಸಿಟ್ಟು ಬಂದಾಗ ಅಥವಾ ಹೆಣ್ಣನ್ನು ಕಂಡಾಗ ಗಂಡು ಅದನ್ನು ಉಬ್ಬಿಸುತ್ತದೆ. ಆಗ ಅದು ಕಪ್ಪಾಗಿ ಗಡ್ಡದಂತೆಯೇ ಕಾಣುತ್ತದೆ. ಗಂಡು ತಲೆಯನ್ನು ಜೋರಾಗಿ ಆಡಿಸಿದರೆ, ಹೆಣ್ಣು ಒಂದು ಮುಂಗಾಲನ್ನು ಎತ್ತಿ ಮೆಲ್ಲಗೆ ವೃತ್ತಾಕಾರವಾಗಿ ಬೀಸುತ್ತದೆ. ‘ನನ್ನಿಂದ ನಿನಗೆ ತೊಂದರೆಯಿಲ್ಲ’ ಎಂಬುದು ಅದರ ಅರ್ಥ.

ಸಾಕುವವರು ಚಳಿಗಾಲದಲ್ಲಿ ಗೂಡಿನ ಬೆಳಕು ಮತ್ತು ಶಾಖವನ್ನು ಕೆಲವು ವಾರ ಕಡಿಮೆ ಮಾಡುತ್ತಾರೆ. ಪ್ರಾಣಿ ಮಂಕಾಗಿ ನಿದ್ದೆ ಹೋಗುತ್ತದೆ. ಮತ್ತೆ ಬೆಳಕು ಹೆಚ್ಚಿಸಿದಾಗ ಅದಕ್ಕೆ ವಸಂತ ಬಂದಂತೆ. ಗಂಡು ಹೆಣ್ಣು ಕೂಡುತ್ತವೆ. ಆದರೆ ಹೆಣ್ಣಿಗೆ ಕನಿಷ್ಠ ಒಂದೂವರೆ ವರ್ಷವಾದರೂ ತುಂಬಿರಬೇಕೆಂಬುದು ಅನುಭವಿಗಳ ಮಾತು. ಎಳೆಯ ತಾಯಿಯ ಮೈಯ ಸುಣ್ಣದ ಅಂಶವೆಲ್ಲ ಮೊಟ್ಟೆಯ ಚಿಪ್ಪಿಗೆ ಖರ್ಚಾದರೆ ಅದರ ಮೂಳೆಗಳು ಮೆತ್ತಗಾಗುತ್ತವೆ. ಮೊಟ್ಟೆ ಹೊರಬರದೆ ಹೊಟ್ಟೆಯಲ್ಲೇ ಸಿಕ್ಕಿಕೊಂಡರೆ ತಾಯಿಯ ಪ್ರಾಣಕ್ಕೇ ಅಪಾಯ. ಅದಕ್ಕಾಗಿಯೇ ಆಹಾರದ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸುವುದು, ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಬೀರುವ ದೀಪ ಹಾಕುವುದು ಕಡ್ಡಾಯ. ಆ ಕಿರಣ ಬೀಳದಿದ್ದರೆ ಮೈಯಲ್ಲಿ ‘ಡಿ’ ಜೀವಸತ್ವ ತಯಾರಾಗದು. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು.

ಕೂಡಿದ ನಾಲ್ಕೈದು ವಾರಗಳಲ್ಲಿ ಹೆಣ್ಣು ಹೊಟ್ಟೆ ಉಬ್ಬಿಸಿಕೊಂಡು ಗೂಡಿನ ಮೂಲೆಮೂಲೆಯನ್ನು ಕೆರೆಯತೊಡಗುತ್ತದೆ. ಆಗ ಒಂದು ಆಳವಾದ ಡಬ್ಬದಲ್ಲಿ ಹಸಿ ಮರಳುಮಣ್ಣು ತುಂಬಿಟ್ಟರೆ, ಅದರಲ್ಲಿ ಬಿಲ ತೋಡಿ, ಸುಮಾರು ಇಪ್ಪತ್ತು ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೊರಬರುತ್ತದೆ. ಅಲ್ಲಿಗೆ ತಾಯಿಯ ಕರ್ತವ್ಯ ಮುಗಿಯಿತು. ಕೋಳಿಯಂತೆ ಕಾವು ಕೂರುವ ಪದ್ಧತಿ ಇವುಗಳಲ್ಲಿಲ್ಲ. ಒಮ್ಮೆ ಕೂಡಿದ ಹೆಣ್ಣು ಗಂಡಿನ ವೀರ್ಯವನ್ನು ಮೈಯಲ್ಲೇ ಕಾಪಿಟ್ಟುಕೊಂಡು, ಕೆಲವು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಮೊಟ್ಟೆಯಿಡಬಲ್ಲದು.

ಮಗುಚಬಾರದ ಮೊಟ್ಟೆ

ಹೇಂಟೆ ತನ್ನ ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಹೊರಳಿಸುತ್ತದೆ. ಗಡ್ಡದ ಓತಿಯ ಮೊಟ್ಟೆಗೆ ಇದೇ ಉಪಚಾರ ಮಾಡಿದರೆ ಅನಾಹುತ. ಕೋಳಿಮೊಟ್ಟೆಯಲ್ಲಿ ಹಳದಿ ಭಾಗವನ್ನು ನಡುವೆ ಹಿಡಿದಿಡುವ ಹುರಿಗಳಿವೆ, ಇದರಲ್ಲಿಲ್ಲ. ಮೊಟ್ಟೆಯಿಟ್ಟ ಸ್ವಲ್ಪ ಸಮಯದಲ್ಲೇ ಭ್ರೂಣ ಮೇಲ್ಭಾಗಕ್ಕೆ ಬಂದು ಅಲ್ಲಿಯೇ ನೆಲೆಯಾಗುತ್ತದೆ. ಆಮೇಲೆ ಮೊಟ್ಟೆ ಬುಡಮೇಲಾದರೆ ಭ್ರೂಣ ಸಾಯಬಹುದು. ಆದ್ದರಿಂದ ಮಣ್ಣು ಸರಿಸಿದ ಕೂಡಲೇ ಪ್ರತಿ ಮೊಟ್ಟೆಯ ನೆತ್ತಿಯ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಹಾಕಿ, ಗುರುತು ಮೇಲೇ ಇರುವಂತೆ ಎತ್ತಿಡುತ್ತಾರೆ.

ಮೊಟ್ಟೆಯನ್ನಿಡಲು ಬಳಸುವುದು ವರ್ಮಿಕ್ಯುಲೈಟ್. ಇದು ಕಾಗೆಬಂಗಾರದಂಥ ಪದರಪದರದ ಖನಿಜವನ್ನು ಕಾಯಿಸಿ ಉಬ್ಬಿಸಿದ ಹಗುರ ಹರಳು. ಹರಳಿನಷ್ಟೇ ತೂಕದ ನೀರು ಬೆರೆಸಿ, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದ ಹದಕ್ಕೆ ತರುತ್ತಾರೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇದನ್ನು ಹರಡಿ, ಹೆಬ್ಬೆರಳಿನಿಂದ ಗುಳಿ ಮಾಡಿ, ಮೊಟ್ಟೆಗಳನ್ನು ಅರ್ಧ ಹುದುಗುವಂತೆ ಕೂರಿಸುತ್ತಾರೆ. ಈ ಮೊಟ್ಟೆಗೆ ಕೋಳಿಮೊಟ್ಟೆಯಂತೆ ಗಟ್ಟಿ ಚಿಪ್ಪಿಲ್ಲ; ತೊಗಲಿನಂಥ ಮೆತ್ತನೆಯ ಹೊದಿಕೆ ಇದೆ. ಅದರ ಮೂಲಕ ತೇವ ಹೀರಿಕೊಂಡು ಮೊಟ್ಟೆ ದಿನದಿನಕ್ಕೆ ದಪ್ಪವಾಗುತ್ತದೆ! ತೇವ ಕಡಿಮೆಯಾದರೆ ಸೊರಗಿ ಗುಳಿಬೀಳುತ್ತದೆ. ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ.

ಈ ಡಬ್ಬಿಯನ್ನು ಕಾವುಪೆಟ್ಟಿಗೆಯಲ್ಲಿಟ್ಟು, ಉಷ್ಣಾಂಶ 28ರಿಂದ 30 ಡಿಗ್ರಿ ಸೆಲ್ಷಿಯಸ್‌ನೊಳಗೆ ಇರುವಂತೆ ಥರ್ಮೋಸ್ಟಾಟ್ ಹೊಂದಿಸುತ್ತಾರೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸಬೇಕು, ಮೊಟ್ಟೆಯೂ ಉಸಿರಾಡುತ್ತದಲ್ಲ! ಕೆಲವು ವಾರಗಳ ನಂತರ ಕತ್ತಲೆಯಲ್ಲಿ ಪುಟ್ಟ ಟಾರ್ಚ್ ಹಿಡಿದರೆ ಒಳಗೆ ಕೆಂಪು ರಕ್ತನಾಳಗಳ ಜಾಲ ಕಾಣುತ್ತದೆ. ಜೊಳ್ಳು ಮೊಟ್ಟೆ ಹಳದಿಯಾಗಿ ಕಾಣುತ್ತದೆ.

ಎಲ್ಲ ಸರಿಯಿದ್ದರೆ 55ರಿಂದ 75 ದಿನಗಳಲ್ಲಿ ಮೊಟ್ಟೆಯ ಮೇಲೆ ಬೆವರಿನಂತೆ ಹನಿ ಮೂಡಿ, ಮೊಟ್ಟೆ ಸ್ವಲ್ಪ ಕುಗ್ಗುತ್ತದೆ. ಒಳಗಿನ ಮರಿ ಮೂತಿಯ ತುದಿಯ ಪುಟ್ಟ ‘ಮೊಟ್ಟೆಹಲ್ಲಿ’ನಿಂದ ಹೊದಿಕೆಯನ್ನು ಸೀಳುತ್ತದೆ. ತಲೆ ಹೊರಹಾಕಿ ಗಂಟೆಗಟ್ಟಲೆ, ಕೆಲವೊಮ್ಮೆ ಒಂದು ದಿನ, ಹಾಗೆಯೇ ಕುಳಿತಿರುತ್ತದೆ. ಮಕ್ಕಳಿಗೆ ಎಳೆದು ಹೊರತೆಗೆಯುವ ಆಸೆಯಾಗುವುದು ಸಹಜ. ಆದರೆ ಮರಿ ಆಗ ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಅವಸರ ಮಾಡಿದರೆ ಮರಿಯ ಜೀವಕ್ಕೇ ಸಂಚಕಾರ.

ಶಾಖದ ಆಟ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಮನುಷ್ಯರಲ್ಲಿ ಎಕ್ಸ್ ಮತ್ತು ವೈ ವರ್ಣತಂತುಗಳು ಲಿಂಗವನ್ನು ನಿರ್ಧರಿಸುತ್ತವೆ ಎಂಬುದು ಹೈಸ್ಕೂಲ್ ಮಕ್ಕಳಿಗೆ ಗೊತ್ತು. ಹಕ್ಕಿಗಳಂತೆಯೇ ಗಡ್ಡದ ಓತಿಯಲ್ಲಿ ಗಂಡಿಗೆ ಎರಡು ‘ಜೆಡ್’, ಹೆಣ್ಣಿಗೆ ಒಂದು ‘ಜೆಡ್’ ಮತ್ತು ಒಂದು ‘ಡಬ್ಲ್ಯು’ ವರ್ಣತಂತು. ಕಾವು 32 ಡಿಗ್ರಿಯೊಳಗಿದ್ದರೆ ಮರಿಗಳಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ. ಅದನ್ನು ಮೀರಿದರೆ, ಎರಡು ‘ಜೆಡ್’ ಇರುವ, ಗಂಡಾಗಬೇಕಾಗಿದ್ದ ಭ್ರೂಣಗಳು ಹೆಣ್ಣಾಗತೊಡಗುತ್ತವೆ. 36 ಡಿಗ್ರಿಯ ಹೊತ್ತಿಗೆ ಬಹುತೇಕ ಎಲ್ಲ ಮರಿಗಳೂ ಹೆಣ್ಣೇ! ಆಸ್ಟ್ರೇಲಿಯಾದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಇದನ್ನು ಕಂಡುಕೊಂಡು 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಕಾಡಿನಲ್ಲೂ ಹೀಗಾಗುತ್ತದೆಯೇ? ಕ್ಯಾನ್ಬೆರಾ ವಿಶ್ವವಿದ್ಯಾಲಯದ ಕ್ಲೇರ್ ಹೋಲೆಲಿ ಮತ್ತು ಸಂಗಡಿಗರು 131 ಕಾಡು ಓತಿಗಳನ್ನು ಪರೀಕ್ಷಿಸಿದಾಗ 11 ಹೆಣ್ಣುಗಳಲ್ಲಿ ಗಂಡಿನ ವರ್ಣತಂತುಗಳೇ ಇದ್ದವು. 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಈ ಹೆಣ್ಣುಗಳು ಬಂಜೆಯಲ್ಲ. ಬದಲಿಗೆ ಸಾಮಾನ್ಯ ಹೆಣ್ಣಿಗಿಂತ ಹೆಚ್ಚು ಮೊಟ್ಟೆಯಿಟ್ಟವು. ಇಂಥ ಹೆಣ್ಣು ಗಂಡಿನೊಡನೆ ಕೂಡಿದಾಗ ತಂದೆತಾಯಿ ಇಬ್ಬರಲ್ಲೂ ‘ಡಬ್ಲ್ಯು’ ಇಲ್ಲ. ಅಂದ ಮೇಲೆ ಮರಿಗಳಲ್ಲೂ ಇಲ್ಲ. ಒಂದೇ ತಲೆಮಾರಿನಲ್ಲಿ ಒಂದು ವರ್ಣತಂತುವೇ ಕಾಣೆ! ಆ ಮರಿಗಳು ಗಂಡೋ ಹೆಣ್ಣೋ ಎಂಬುದನ್ನು ಇನ್ನು ಶಾಖವೇ ನಿರ್ಧರಿಸಬೇಕು. ಭೂಮಿ ಬಿಸಿಯಾಗುತ್ತ ಹೋದರೆ ಹೆಣ್ಣುಗಳೇ ತುಂಬಿ, ಗಂಡು ಸಿಗದೆ ಸಂತತಿ ಕ್ಷೀಣಿಸೀತೇ ಎಂಬುದು ವಿಜ್ಞಾನಿಗಳ ಮುಂದಿರುವ ಚಿಂತೆ.

ಪೋಷಕರು ಗಮನಿಸಬೇಕಾದುದು

ಇಪ್ಪತ್ತು ಮೊಟ್ಟೆ ಎಂದರೆ ಇಪ್ಪತ್ತು ಮರಿಗಳ ಹೊಣೆ. ಹುಟ್ಟಿದ ಮರಿ ಬಾಲ ಸೇರಿ ಸುಮಾರು 10 ಸೆಂಟಿಮೀಟರ್. ದಿನಕ್ಕೆ ಹಲವು ಬಾರಿ ಪುಟ್ಟ ಜೀರುಂಡೆಗಳನ್ನು ತಿನ್ನಿಸಬೇಕು. ಹುಳು ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು ಎಂಬುದು ಸಾಕುವವರ ಅಳತೆಗೋಲು. ಹಸಿದರೆ ಒಂದು ಇನ್ನೊಂದರ ಬಾಲ, ಬೆರಳು ಕಚ್ಚುತ್ತದೆ. ಹಲ್ಲಿಯ ಬಾಲದಂತೆ ಇದರ ಬಾಲ ಮತ್ತೆ ಬೆಳೆಯದು. ತೋಟದಲ್ಲಿ ಸಿಕ್ಕ ಹುಳುವನ್ನೆಲ್ಲ ಹಾಕುವಂತಿಲ್ಲ. ಅಮೆರಿಕದ ಮಿಂಚುಹುಳುಗಳನ್ನು ತಿಂದು ಗಡ್ಡದ ಓತಿಗಳು ಸತ್ತದ್ದುಂಟು. ಚೆನ್ನಾಗಿ ಸಾಕಿದರೆ ಹತ್ತು ವರ್ಷ ಬದುಕುವ ಪ್ರಾಣಿಯಿದು. ಹೈಸ್ಕೂಲಿನಲ್ಲಿ ತಂದ ಮರಿ ಕಾಲೇಜು ಮುಗಿದ ಮೇಲೂ ಮನೆಯಲ್ಲಿರುತ್ತದೆ. ಆದ್ದರಿಂದ ಮರಿ ಕೊಳ್ಳುವವರು ಮೊದಲೇ ನಿಶ್ಚಯವಾಗದಿದ್ದರೆ ಮೊಟ್ಟೆಗೆ ಕಾವು ಕೊಡುವುದೇ ಬೇಡ ಎನ್ನುತ್ತಾರೆ ತಿಳಿದವರು.

ಆರೋಗ್ಯದ ಪ್ರಶ್ನೆಯೂ ಇದೆ. ನೋಡಲು ಆರೋಗ್ಯವಾಗಿರುವ ಓತಿಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲಿ 2012ರಿಂದ 2014ರವರೆಗೆ ಈ ಪ್ರಾಣಿಗಳಿಂದ ಹರಡಿದ ಸೋಂಕು 166 ಮಂದಿಗೆ ತಗುಲಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು, ಅಡುಗೆಮನೆಯೊಳಗೆ ಅದನ್ನು ಬಿಡದಿರುವುದು, ಮುತ್ತಿಕ್ಕದಿರುವುದು ಇದಕ್ಕೆ ಸರಳ ಉಪಾಯ.

ತವರಾದ ಆಸ್ಟ್ರೇಲಿಯಾದಲ್ಲೇ ಇದನ್ನು ಸಾಕಲು ಹೆಚ್ಚಿನ ಪ್ರಾಂತ್ಯಗಳಲ್ಲಿ ಪರವಾನಗಿ ಬೇಕು. ವ್ಯಾಪಾರಕ್ಕಾಗಿ ಜೀವಂತ ಸ್ಥಳೀಯ ಸರೀಸೃಪಗಳನ್ನು ಹೊರದೇಶಕ್ಕೆ ಕಳುಹಿಸಲು ಆ ದೇಶ ಬಿಡುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಇದಕ್ಕೆ ನಿರಾಶರಾಗಬೇಕಾಗಿಲ್ಲ. ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಹೊಲದ ಬದುವಿನಲ್ಲಿ, ಶಾಲೆಯ ತೋಟದಲ್ಲಿ ಹೆಣ್ಣು ಓತಿಕ್ಯಾತ ಗುಳಿ ತೋಡಿ, ಮೆತ್ತನೆಯ ಬಿಳಿ ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ಒತ್ತಿ ಹೋಗುತ್ತದೆ. ಹತ್ತು ಅಡಿ ದೂರದಲ್ಲಿ ಸದ್ದಿಲ್ಲದೆ ಕುಳಿತರೆ ಇದನ್ನೆಲ್ಲ ನೋಡಬಹುದು. ಮೊಟ್ಟೆಯನ್ನು ಕೀಳುವುದೂ ಬೇಡ, ಡಬ್ಬಿಯಲ್ಲಿಡುವುದೂ ಬೇಡ. ದಿನಾಂಕ, ಹೊತ್ತು, ಮಣ್ಣಿನ ತೇವ ಬರೆದಿಟ್ಟುಕೊಳ್ಳಲು ಒಂದು ನೋಟ್‌ಬುಕ್ ಇದ್ದರೆ ಸಾಕು. ಕೈಯಲ್ಲಿ ಕಲ್ಲು ಮಾತ್ರ ಇರಬಾರದು.